ಜೇನು ಸುರಿಯುವ ‘ಬನವಾಸಿ’: ದ್ರವಾಕ್ಷರದ ಚಿತ್ರಗಳು ಹುಟ್ಟುವುದು ಹೇಗೆ?

ನವೆಂಬರ್ 1 ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಕನ್ನಡದ ಅಕ್ಷರಗಳು ನೀರಾಗುತ್ತವೆ, ಜೇನಾಗುತ್ತವೆ, ಕರಗಿದ ಚಿನ್ನವಾಗುತ್ತವೆ. ‘ಕನ್ನಡ’ ಎಂಬ ಪದ ಬಾಳೆ ಎಲೆಯ ಮೇಲೆ ನೀರ ಹನಿಗಳಾಗಿ ನಿಂತಿರುತ್ತದೆ. ‘ಬನವಾಸಿ’ ಎಂಬ ಹೆಸರಿನ ತುದಿಗಳಿಂದ ಜೇನು ತೊಟ್ಟಿಕ್ಕುತ್ತಿರುತ್ತದೆ. ಕದಂಬೋತ್ಸವಕ್ಕೂ ಇಂಥ ಚಿತ್ರ, ಶಿರಸಿಯ ಮಾರಿಕಾಂಬಾ ಜಾತ್ರೆಗೂ ಇಂಥ ಚಿತ್ರ, ದೀಪಾವಳಿಗೂ ಇಂಥ ಚಿತ್ರ.

ಚಿತ್ರದ ಜೊತೆ ಸಾಮಾನ್ಯವಾಗಿ ಒಂದು ಸಾಲೂ ಬರುತ್ತದೆ. ‘ಇದು ನಿಜವಾದ ಜೇನಿನಲ್ಲಿ ಬರೆದದ್ದು, ಎಲ್ಲರಿಗೂ ಕಳಿಸಿ’ ಎಂದು ಒಬ್ಬರು. ‘ಇದೆಲ್ಲ ಎಐ ಕೆಲಸ’ ಎಂದು ಇನ್ನೊಬ್ಬರು. ‘ನಿಮ್ಮ ಹೆಸರನ್ನೂ ಹೀಗೆ ಬರೆಸಿಕೊಳ್ಳಲು ಈ ಲಿಂಕ್ ಒತ್ತಿ’ ಎಂದು ಮತ್ತೊಬ್ಬರು. ಈ ಮೂರು ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಒಂದೊಂದಾಗಿ ನೋಡೋಣ. ಹಾಗೆ ನೋಡುತ್ತ ಹೋದರೆ, ಚಂದದ ಅಕ್ಷರಕ್ಕಿಂತ ಸಾದಾ ಅಕ್ಷರದ ಮೇಲೆ ನಾವು ಯಾಕೆ ಹೆಚ್ಚು ಕಣ್ಣಿಡಬೇಕು ಎಂಬುದೂ ತಿಳಿಯುತ್ತದೆ.

ನಿಜವಾದ ಹನಿಯ ಗುಣ

ಮಲೆನಾಡಿನ ಮಕ್ಕಳಿಗೆ ಮಳೆಗಾಲದಲ್ಲಿ ಕೆಸುವಿನ ಎಲೆಯೇ ಆಟದ ಸಾಮಾನು. ಎಲೆಯ ಮೇಲೆ ನೀರು ಹಾಕಿದರೆ ಅದು ಹರಡುವುದಿಲ್ಲ, ಮುತ್ತಿನಂತೆ ಗುಂಡಗಾಗಿ ಆಚೀಚೆ ಓಡುತ್ತದೆ. ಇದಕ್ಕೆ ಎರಡು ಕಾರಣ. ಒಂದು, ನೀರಿನ ಕಣಗಳು ಪರಸ್ಪರ ಎಳೆದುಕೊಳ್ಳುವುದರಿಂದ ಹನಿ ತನ್ನ ಹೊರಮೈಯನ್ನು ಆದಷ್ಟು ಚಿಕ್ಕದು ಮಾಡಿಕೊಳ್ಳಲು ನೋಡುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುತ್ತಾರೆ. ಎರಡು, ಕೆಸು ಮತ್ತು ತಾವರೆ ಎಲೆಗಳ ಮೇಲೆ ಮೇಣ ಸವರಿದಂಥ ಅತಿ ಸಣ್ಣ ಉಬ್ಬುಗಳಿವೆ. ಅವುಗಳ ನಡುವೆ ಗಾಳಿ ಉಳಿಯುವುದರಿಂದ ನೀರಿಗೆ ಎಲೆಯನ್ನು ಅಂಟಿಕೊಳ್ಳಲು ಆಗುವುದಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ 1997ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಇದಕ್ಕೆ ‘ತಾವರೆ ಪರಿಣಾಮ’ ಎಂಬ ಹೆಸರು ಹರಡಿತು. ಪದ್ಮಪತ್ರದ ಮೇಲಿನ ಜಲಬಿಂದು ಎಂಬ ಮಾತು ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹಳೆಯದು.

ಆದರೆ ಹನಿ ದೊಡ್ಡದಾದಂತೆ ಎಳೆತ ಸೋಲುತ್ತದೆ, ಭಾರ ಗೆಲ್ಲುತ್ತದೆ. ನೀರಿನ ಮಟ್ಟಿಗೆ ಈ ಎರಡೂ ಸಮನಾಗುವ ಅಳತೆ ಸುಮಾರು 2.7 ಮಿಲಿಮೀಟರ್. ಅದಕ್ಕಿಂತ ಚಿಕ್ಕ ಹನಿ ಗುಂಡಗಿರುತ್ತದೆ, ಬಹಳ ದೊಡ್ಡದಾದರೆ ಚಪ್ಪಟೆಯಾಗುತ್ತದೆ. ನೀರನ್ನು ಚೂರೂ ಅಂಟಿಸಿಕೊಳ್ಳದ ಕೆಸುವಿನ ಎಲೆಯ ಮೇಲೂ ಅದು ಹೆಚ್ಚೆಂದರೆ ಅರ್ಧ ಸೆಂಟಿಮೀಟರ್ ಎತ್ತರಕ್ಕೆ ನಿಂತೀತು. ಗಾಜು, ಕಲ್ಲು, ಮರದ ಮೇಲಾದರೆ ಇನ್ನೂ ತೆಳುವಾಗಿ ಹರಡುತ್ತದೆ.

ಇಲ್ಲಿಯೇ ನಮಗೆ ಮೊದಲ ಪರೀಕ್ಷೆ ಸಿಗುತ್ತದೆ. ಚಿತ್ರದಲ್ಲಿ ಅಂಗೈಯಗಲದ ಅಕ್ಷರಗಳು ಬಲೂನಿನಂತೆ ಉಬ್ಬಿ ನಿಂತಿದ್ದರೆ, ಅದು ನೀರಲ್ಲ, ನೀರಿನಂತೆ ಬಿಡಿಸಿದ್ದು. ಗುಂಡುಸೂಜಿಯ ತಲೆಯಷ್ಟಗಲದ ಗೆರೆಗಳಲ್ಲಿ ಬರೆದ ಚಿಕ್ಕ ಪದವಾದರೆ ನಿಜವೂ ಇರಬಹುದು.

ಜೇನಿನ ಕಥೆ ಸ್ವಲ್ಪ ಬೇರೆ. ಜೇನು ನೀರಿಗಿಂತ ಸಾವಿರಾರು ಪಟ್ಟು ಮಂದ. ಹಾಗಾಗಿ ಅದು ಬರೆದ ಆಕಾರವನ್ನು ಕೆಲ ಹೊತ್ತು ಹಿಡಿದಿಡುತ್ತದೆ, ಆಮೇಲೆ ನಿಧಾನವಾಗಿ ಹರಡುತ್ತದೆ. ಶಿರಸಿ–ಸಿದ್ದಾಪುರ ಕಡೆಯ ಮನೆಗಳಲ್ಲಿ ಜೋನಿಬೆಲ್ಲ ಇದ್ದೇ ಇರುತ್ತದೆ. ಬಟ್ಟಲಿನಿಂದ ಚಮಚ ಎತ್ತಿ ದೋಸೆಯ ಮೇಲೆ ಒಂದು ‘ಕ’ ಬರೆದು ನೋಡಿ. ಬರೆದ ಕ್ಷಣಕ್ಕೆ ಅಕ್ಷರ, ತುಸು ಹೊತ್ತಿಗೆ ಬರಿಯ ಬೊಟ್ಟು. ಹಾಗಾಗಿ ‘ನಿಜವಾದ ಜೇನಿನಲ್ಲಿ ಬರೆದದ್ದು’ ಎಂಬ ಮಾತು ಅಸಾಧ್ಯವೇನಲ್ಲ. ಆದರೆ ಹತ್ತು ಅಕ್ಷರಗಳ ಸಾಲಿನಲ್ಲಿ ಮೊದಲನೆಯದೂ ಕೊನೆಯದೂ ಒಂದೇ ಹದದಲ್ಲಿ ಗಟ್ಟಿಯಾಗಿ ನಿಂತಿದ್ದರೆ, ಒತ್ತಕ್ಷರಗಳ ಸಂದುಗಳೆಲ್ಲ ಚೊಕ್ಕವಾಗಿ ಉಳಿದಿದ್ದರೆ, ಅದು ಬಹುತೇಕ ಕಂಪ್ಯೂಟರಿನ ಜೇನು.

ಕಂಪ್ಯೂಟರಿನ ಜೇನು ಇಳಿಯುವ ಬಗೆ

ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಎಲ್ಲರೂ ಕೇಳಿದ ಹೆಸರು ಫೋಟೋಶಾಪ್. ಥಾಮಸ್ ನಾಲ್ ಮತ್ತು ಜಾನ್ ನಾಲ್ ಎಂಬ ಅಣ್ಣತಮ್ಮಂದಿರು ಬರೆದ ಈ ತಂತ್ರಾಂಶ 1990ರಲ್ಲಿ ಮಾರುಕಟ್ಟೆಗೆ ಬಂತು. 1994ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಲೇಯರ್, ಅಂದರೆ ಪದರಗಳ ವ್ಯವಸ್ಥೆ ಸೇರಿತು. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟು ಒಂದೊಂದರ ಮೇಲೂ ಬೇರೆ ಬೇರೆ ಚಿತ್ರ ಬರೆದಂತೆ ಇದು. ಹಣ ಕೊಡದೆ ಬಳಸಬಹುದಾದ ಗಿಂಪ್‌ನಲ್ಲೂ ಇದೇ ಕೆಲಸ ಆಗುತ್ತದೆ. ದ್ರವಾಕ್ಷರ ಎಂದರೆ ಈ ಪದರಗಳ ಆಟ. ಅದರ ಹಂತಗಳು ಹೀಗಿವೆ.

ಮೊದಲು ದಪ್ಪ, ಗುಂಡನೆಯ ಅಕ್ಷರವಿನ್ಯಾಸದಲ್ಲಿ ಪದವನ್ನು ಬರೆಯುತ್ತಾರೆ. ಬಾಲೂ ತಮ್ಮ ಎಂಬ ಉಚಿತ ಕನ್ನಡ ಫಾಂಟ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಎರಡನೆಯದಾಗಿ ಆ ಅಕ್ಷರಗಳನ್ನು ಮಸುಕು ಮಾಡುತ್ತಾರೆ. ಮಂಜಿನಲ್ಲಿ ಕಂಡಂತಾದ ಅಂಚನ್ನು ಮತ್ತೆ ಒಂದು ಮಟ್ಟಕ್ಕೆ ಕತ್ತರಿಸಿ ಚೂಪು ಮಾಡುತ್ತಾರೆ. ಹೀಗೆ ಮಾಡಿದಾಗ ಹೊರಗಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಒಳಗಿನ ಮೂಲೆಗಳು ತುಂಬಿಕೊಳ್ಳುತ್ತವೆ, ಹತ್ತಿರವಿದ್ದ ಎರಡು ಗೆರೆಗಳು ಸೇರಿಬಿಡುತ್ತವೆ. ಥೇಟ್ ನೀರಿನ ಗುಣ! ಇದು ಕಾಕತಾಳೀಯವಲ್ಲ. ಮಸುಕು ಮಾಡಿ ಕತ್ತರಿಸುವುದನ್ನು ಮತ್ತೆ ಮತ್ತೆ ಮಾಡಿದರೆ ಅಂಚು ತನ್ನ ಬಾಗಿಗೆ ತಕ್ಕಂತೆ ಸರಿಯುತ್ತ ಸಪಾಟಾಗುತ್ತದೆ ಎಂದು ಮೆರಿಮನ್, ಬೆನ್ಸ್ ಮತ್ತು ಓಷರ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. ಮೇಲ್ಮೈ ಎಳೆತ ಹನಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ: ಅಂಚನ್ನು ಕುಗ್ಗಿಸುವುದು.

ಮೂರನೆಯದು ತೊಟ್ಟಿಕ್ಕುವ ಹನಿ. ಇದನ್ನು ಕೈಯಿಂದಲೇ ಬಿಡಿಸಬೇಕು. ದ್ರವ ಯಾವಾಗಲೂ ಕೆಳಗಿನ ಅಂಚಿಗೆ ಬಂದು ಸೇರುತ್ತದೆ, ತೂಕ ಹೆಚ್ಚಾದಾಗ ಇಳಿಯುತ್ತದೆ. ಪಾಕದ ಹದ ನೋಡುವವರಿಗೆ ಇದು ಗೊತ್ತು. ತೆಳು ಪಾಕ ಹನಿಹನಿಯಾಗಿ ಬೀಳುತ್ತದೆ, ಹದಕ್ಕೆ ಬಂದದ್ದು ಎಳೆ ಎಳೆಯಾಗಿ ಇಳಿಯುತ್ತದೆ. ಹಾಗಾಗಿ ನೀರಾದರೆ ಗಿಡ್ಡ ಹನಿ, ಜೇನಾದರೆ ಉದ್ದದ ಎಳೆ.

ನಾಲ್ಕನೆಯದು ಬೆಳಕು. ‘ಬೆವೆಲ್’ ಎಂಬ ಆಯ್ಕೆ ಅಕ್ಷರದ ಅಂಚಿನಲ್ಲಿ ಒಂದು ಕಡೆ ಬಿಳಿ, ಇನ್ನೊಂದು ಕಡೆ ನೆರಳು ಹಾಕಿ ಅಕ್ಷರ ಉಬ್ಬಿದಂತೆ ತೋರಿಸುತ್ತದೆ. ಹೊಸಬರು ಇಲ್ಲಿಗೇ ನಿಲ್ಲಿಸುತ್ತಾರೆ, ಹಾಗಾಗಿ ಅವರ ನೀರು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ನೀರಿನ ಹನಿ ಮಸೂರದ ಹಾಗೆ. ಬೆಳಕು ಎಡಗಡೆ ಮೇಲಿನಿಂದ ಬಂದರೆ ಅಲ್ಲೊಂದು ಚಿಕ್ಕ ಹೊಳಪಿನ ಚುಕ್ಕೆ ಇರುತ್ತದೆ. ಆದರೆ ಹನಿಯ ಒಡಲು ಬೆಳಗುವುದು ಅದರ ಎದುರು ಬದಿಯಲ್ಲಿ, ಬಲಗಡೆ ಕೆಳಗೆ. ಬೆಳಕು ಒಳಹೊಕ್ಕು, ಬಾಗಿ, ಅಲ್ಲಿ ಸೇರುತ್ತದೆ. ಕಲ್ಲಿನ ಗುಂಡಿನಲ್ಲಿ ಆ ಜಾಗ ಕತ್ತಲಾಗಿರುತ್ತದೆ, ನೀರಿನ ಹನಿಯಲ್ಲಿ ಬೆಳಕಾಗಿರುತ್ತದೆ. ಈ ಒಂದು ಗುಟ್ಟು ಗೊತ್ತಿದ್ದವರು ಬಿಡಿಸಿದ ಹನಿಗೆ ಕಣ್ಣು ಮೋಸಹೋಗುತ್ತದೆ.

ಐದನೆಯದು ಹನಿಯ ಕೆಳಗಿನ ಚಿತ್ರವನ್ನು ಬಾಗಿಸುವುದು. ಎಲೆಯ ನರಗಳು ಹನಿಯ ಕೆಳಗೆ ನೇರವಾಗಿ ಕಾಣಬಾರದು. ಇದಕ್ಕೆ ‘ಡಿಸ್‌ಪ್ಲೇಸ್’ ಎಂಬ ಶೋಧಕ ಇದೆ. ಕಪ್ಪು–ಬಿಳುಪಿನ ಒಂದು ನಕ್ಷೆಯನ್ನು ನೋಡಿಕೊಂಡು, ಅದು ಹಿನ್ನೆಲೆಯ ಚುಕ್ಕೆಗಳನ್ನು ಆಚೀಚೆ ಸರಿಸುತ್ತದೆ. ಕೊನೆಗೆ ಬಣ್ಣ. ಜೇನು, ಜೋನಿಬೆಲ್ಲಗಳ ಬಣ್ಣ ದಪ್ಪವಿದ್ದಲ್ಲಿ ಗಾಢ, ತೆಳುವಿದ್ದಲ್ಲಿ ತಿಳಿ. ಇಡೀ ಅಕ್ಷರಕ್ಕೆ ಒಂದೇ ಬಣ್ಣ ಬಳಿದರೆ ಅದು ಜೇನಲ್ಲ, ಪೇಂಟು.

ಒಂದು ಮಾತು. ಫೋಟೋಶಾಪ್‌ನಲ್ಲಿ ‘ಲಿಕ್ವಿಫೈ’ ಎಂಬ ಸಲಕರಣೆ 2000ನೇ ಇಸವಿಯಿಂದ ಇದೆ. ಹೆಸರು ಕೇಳಿ, ಅದನ್ನು ಒತ್ತಿದರೆ ಅಕ್ಷರ ನೀರಾಗುತ್ತದೆ ಎಂದುಕೊಳ್ಳುವವರು ಬಹಳ. ಅದು ಮಾಡುವುದು ಚಿತ್ರವನ್ನು ಕಣಕದಂತೆ ತಳ್ಳುವ, ಎಳೆಯುವ ಕೆಲಸ ಮಾತ್ರ. ಹೊಟ್ಟೆ ಸಣ್ಣಗೆ ಮಾಡಿಸಿಕೊಂಡ ಫೋಟೋಗಳಲ್ಲಿ ಅದರ ಕೈಚಳಕ ಹೆಚ್ಚು.

ಹಾಗಾದರೆ ಎಐ?

ಈ ಹಂತಗಳಲ್ಲಿ ಯಾವುದಕ್ಕೂ ಎಐ ಬೇಕಿಲ್ಲ. ದ್ರವಾಕ್ಷರದ ಚಿತ್ರಗಳು ಎಐ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇದ್ದವು. ಈಗ ಎಐ ಕೂಡ ಇಂಥ ಚಿತ್ರ ಮಾಡಿಕೊಡುತ್ತದೆ, ನಿಜ. ಆದರೆ ಕನ್ನಡದಲ್ಲಿ ಅದು ಎಡವುವುದುಂಟು. ಅಕ್ಷರದಂತೆಯೇ ಕಾಣುವ, ಓದಲು ಹೋದರೆ ಯಾವ ಅಕ್ಷರವೂ ಅಲ್ಲದ ಆಕಾರಗಳು, ತಪ್ಪು ಜಾಗಕ್ಕೆ ಅಂಟಿದ ಒತ್ತುಗಳು ಕಂಡರೆ ಅದರ ಕೈವಾಡ ಇರಬಹುದು. ದಿನದಿಂದ ದಿನಕ್ಕೆ ಅದು ಸುಧಾರಿಸುತ್ತಿರುವುದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡುವುದು ಸರಿಯಲ್ಲ.

ಶಿರಸಿ ಉಳಿಯಿತು, ಸಿದ್ದಾಪುರ ಒಡೆಯಿತು

ಬ್ಯಾನರುಗಳಲ್ಲಿ, ಶುಭಾಶಯದ ಚಿತ್ರಗಳಲ್ಲಿ ‘ಕನ್ನಡ’ ಎಂಬುದು ‘ಕನ್‌ನಡ’ ಆಗಿರುವುದನ್ನು ನೀವು ನೋಡಿರುತ್ತೀರಿ. ಬರೆದವರಿಗೆ ಕನ್ನಡ ಬಾರದು ಎಂದು ನಾವು ಬೈದೂ ಇರುತ್ತೇವೆ. ಬಹಳ ಸಲ ತಪ್ಪು ಬರೆದವರದ್ದಲ್ಲ.

ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ. ಕನ್ನಡದಲ್ಲಿ ಹಾಗಲ್ಲ. ‘ದ್ದಾ’ ಎಂಬುದನ್ನು ಕಂಪ್ಯೂಟರ್ ದ, ವಿರಾಮ ಚಿಹ್ನೆ, ದ, ದೀರ್ಘ ಎಂದು ನಾಲ್ಕು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ. ಅವನ್ನು ಸೇರಿಸಿ, ಒತ್ತನ್ನು ಕೆಳಗಿಳಿಸಿ ತೋರಿಸಲು ತಂತ್ರಾಂಶದೊಳಗೆ ಬೇರೊಂದು ಯಂತ್ರವೇ ಬೇಕು. ಅದಿಲ್ಲದಿದ್ದರೆ ‘ಸಿದ್ದಾಪುರ’ ‘ಸಿದ್‌ದಾಪುರ’ ಆಗುತ್ತದೆ, ‘ಯಲ್ಲಾಪುರ’ ‘ಯಲ್‌ಲಾಪುರ’ ಆಗುತ್ತದೆ. ಒತ್ತಕ್ಷರವಿಲ್ಲದ ‘ಬನವಾಸಿ’ ಮತ್ತು ‘ಶಿರಸಿ’ ಹೆಚ್ಚಿನ ಗಾಯವಿಲ್ಲದೆ ಪಾರಾಗುತ್ತವೆ. ಫೋಟೋಶಾಪ್‌ನಲ್ಲಿ ಈ ಯಂತ್ರ ಮೊದಲಿನಿಂದ ಇರಲಿಲ್ಲ. ನಂತರದ ಆವೃತ್ತಿಗಳಲ್ಲಿ ಇದ್ದರೂ, ಅಕ್ಷರಗಳ ಆಯ್ಕೆಯಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ವ್ಯವಸ್ಥೆಯನ್ನು ನಾವೇ ಆರಿಸಿಕೊಳ್ಳಬೇಕಾಗಬಹುದು. ಅದನ್ನು ಬದಲಿಸಿದ ಕೂಡಲೇ ಒಡೆದ ಒತ್ತುಗಳು ಕೂಡಿಕೊಳ್ಳುತ್ತವೆ.

ಈ ತೊಂದರೆಯಿಂದ ತಪ್ಪಿಸಿಕೊಳ್ಳಲು ನಮ್ಮ ಡಿಟಿಪಿ ಅಂಗಡಿಗಳು ಬಹುಕಾಲ ಹಿಡಿದ ದಾರಿ ಬೇರೆ. 1998ರಲ್ಲಿ ಬಂದ ಬರಹ ಮತ್ತು ಆಮೇಲೆ ಬಂದ ನುಡಿ ಕನ್ನಡದಲ್ಲಿ ಟೈಪ್ ಮಾಡುವುದನ್ನು ಮನೆಮಾತು ಮಾಡಿದವು. ಅವುಗಳ ಹಳೆಯ ಬಗೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಲಾಗಿತ್ತು. ತಂತ್ರಾಂಶಕ್ಕೆ ಕನ್ನಡ ತಿಳಿಯದಿದ್ದರೂ ಅಕ್ಷರ ಸರಿಯಾಗಿ ಕಾಣುತ್ತಿತ್ತು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ವಂತ ಜಾಗ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂತು, ಅದರಲ್ಲಿ ಕನ್ನಡಕ್ಕೂ 128 ಸ್ಥಾನಗಳ ಜಾಗ ಸಿಕ್ಕಿತ್ತು. ಹೊಸದಾಗಿ ಕಲಿಯುವವರು ಯೂನಿಕೋಡಿನಲ್ಲೇ ಕಲಿಯುವುದು ಒಳ್ಳೆಯದು.

‘ಮಧು’ ಹೋಗಿ ‘ಮದು’ ಆದಾಗ

ಕನ್ನಡದ ಅಕ್ಷರಗಳು ದುಂಡಗೆ. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳುತ್ತಿತ್ತು, ಅದಕ್ಕೇ ದುಂಡಾದವು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಈ ದುಂಡುತನದಿಂದಾಗಿ ಕನ್ನಡ ಲಿಪಿಗೆ ದ್ರವದ ವೇಷ ಸಲೀಸಾಗಿ ಒಪ್ಪುತ್ತದೆ. ಆದರೆ ಅದರಲ್ಲೇ ಒಂದು ಅಪಾಯವೂ ಇದೆ.

ಬನವಾಸಿಯ ದೇವರು ಮಧುಕೇಶ್ವರ. ಲಿಂಗದ ಬಣ್ಣ ಜೇನಿನಂತಿರುವುದರಿಂದ ಈ ಹೆಸರು ಎನ್ನುತ್ತಾರೆ. ಈ ಹೆಸರನ್ನೇ ಜೇನಿನ ಅಕ್ಷರದಲ್ಲಿ ಬರೆಯಲು ಹೊರಟರೆ ಏನಾಗುತ್ತದೆ? ‘ಧ’ ಅಕ್ಷರಕ್ಕೂ ‘ದ’ ಅಕ್ಷರಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆ. ಮಸುಕು ಮಾಡಿ ಕತ್ತರಿಸುವಾಗ ಮೊದಲು ಮಾಯವಾಗುವುದೇ ಅದು. ‘ಮಧುಕೇಶ್ವರ’ ಹೋಗಿ ‘ಮದುಕೇಶ್ವರ’ ಆಗುತ್ತದೆ, ಹೆಸರಿನೊಳಗಿನ ಜೇನೇ ಸೋರಿಹೋಗುತ್ತದೆ. ‘ಧನಲಾಭ’ ‘ದನಲಾಭ’ವಾಗುತ್ತದೆ. ‘ಠ’ದೊಳಗಿನ ಚುಕ್ಕೆ ಮುಚ್ಚಿಹೋದರೆ ‘ಮಠ’ ‘ಮರ’ವಾಗುತ್ತದೆ.

ತಿರುಗುಮುರುಗಾಗಿಯೂ ಆಗಬಹುದು. ‘ದ’ದ ಕೆಳಗಿನಿಂದ ಒಂದು ಹನಿ ಇಳಿಸಿದರೆ ಅದು ‘ಧ’ದಂತೆ ಕಾಣುತ್ತದೆ. ಅಕ್ಷರದ ಪಕ್ಕ ಚಂದಕ್ಕೆಂದು ಒಂದು ಬಿಡಿ ಹನಿ ಇಟ್ಟರೆ ಅದು ಸೊನ್ನೆಯಾಗಿ ‘ಕದ’ ‘ಕಂದ’ವಾಗುತ್ತದೆ. ಕನ್ನಡದಲ್ಲಿ ಚುಕ್ಕೆ, ಬೊಟ್ಟು, ಬಾಲ ಯಾವುದೂ ಬರಿಯ ಅಲಂಕಾರವಲ್ಲ, ಒಂದೊಂದಕ್ಕೂ ಉಚ್ಚಾರಣೆ ಇದೆ. ಹಾಗಾಗಿ ಬೇರೆ ಭಾಷೆಯ ವಿಡಿಯೋ ನೋಡಿ ಕಲಿತ ಪಾಠವನ್ನು ಇಲ್ಲಿ ಹಾಗೇ ಇಳಿಸಲು ಬರುವುದಿಲ್ಲ. ಮಸುಕಿನ ಪ್ರಮಾಣ ಕಡಿಮೆ ಇಡಬೇಕು, ಅಕ್ಷರಗಳ ನಡುವೆ ಜಾಗ ಹೆಚ್ಚು ಬಿಡಬೇಕು, ಸೀಳು–ಚುಕ್ಕೆಗಳನ್ನು ಕೊನೆಯಲ್ಲಿ ಕೈಯಿಂದ ಮತ್ತೆ ತೆರೆಯಬೇಕು.

ಚಿತ್ರ ಹತ್ತಾರು ಕೈ ದಾಟುವಾಗ ಈ ಸಣ್ಣ ಗೆರೆಗಳಿಗೆ ಇನ್ನೊಂದು ಪೆಟ್ಟು ಬೀಳುತ್ತದೆ. ಸ್ಕ್ರೀನ್‌ಶಾಟ್ ತೆಗೆದು, ಉಳಿಸಿ, ಮತ್ತೆ ಕಳಿಸಿದಾಗಲೆಲ್ಲ ಚಿತ್ರ ಕುಗ್ಗುತ್ತದೆ. ಜೆಪೆಗ್ ವಿಧಾನ ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಮಾಡಿ, ಸಣ್ಣ ವಿವರಗಳನ್ನೇ ಮೊದಲು ಬಿಟ್ಟುಬಿಡುತ್ತದೆ. ಹಬ್ಬದ ಶುಭಾಶಯದಲ್ಲಿ ಇದು ನಗುವ ವಿಷಯ. ರಕ್ತ ಬೇಕಾಗಿದೆ ಎಂಬ ಮನವಿಯಲ್ಲಿ ಫೋನ್ ನಂಬರಿನ 3 ಹೋಗಿ 8 ಆದರೆ ನಗುವ ವಿಷಯವಲ್ಲ.

‘ನಿಮ್ಮ ಹೆಸರು ಹಾಕಿ’ ಎಂಬ ಲಿಂಕುಗಳು

ಇನ್ನು ಮೂರನೆಯ ಮಾತು. ಹೆಸರನ್ನು ಜೇನಿನಲ್ಲಿ ಬರೆದುಕೊಡುತ್ತೇವೆ ಎನ್ನುವ ಲಿಂಕುಗಳಲ್ಲಿ ಎಲ್ಲವೂ ಮೋಸದವಲ್ಲ. ಆದರೆ ಅಂಥ ಎಷ್ಟೋ ಪುಟಗಳ ಬದುಕು ನಡೆಯುವುದು ಜಾಹೀರಾತಿನಿಂದ. ಹಾಗಾಗಿ ‘ಹತ್ತು ಗುಂಪಿಗೆ ಕಳಿಸಿದರೆ ಚಿತ್ರ ತೆರೆಯುತ್ತದೆ’ ಎಂದು ಷರತ್ತು ಹಾಕುತ್ತವೆ. ಕೆಲವು ಫೋನ್ ನಂಬರ್ ಕೇಳುತ್ತವೆ. ಇನ್ನು ಕೆಲವು ಎಪಿಕೆ ಫೈಲ್ ಇಳಿಸಿಕೊಳ್ಳಿ ಎನ್ನುತ್ತವೆ. ಅಲ್ಲಿಯೇ ನಿಲ್ಲಿ. ಅಕ್ಷರಕ್ಕೆ ಬಣ್ಣ ಹಾಕುವ ಆಪ್‌ಗೆ ನಿಮ್ಮ ಎಸ್ಸೆಮ್ಮೆಸ್ ಓದುವ ಅನುಮತಿ ಯಾಕೆ ಬೇಕು? ಬ್ಯಾಂಕಿನ ಒಟಿಪಿ ಬರುವುದೂ ಅದೇ ಎಸ್ಸೆಮ್ಮೆಸ್‌ನಲ್ಲಿ ತಾನೇ? ಹೀಗೆ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಹೊಳೆಯುವ ಅಕ್ಷರ, ಸಾದಾ ಅಕ್ಷರ

ಜೇನು ತೊಟ್ಟಿಕ್ಕುವ ಚಿತ್ರ ನೋಡಿದರೆ ‘ಇದು ಎಡಿಟ್ ಮಾಡಿದ್ದು’ ಎಂದು ನಾವು ತಕ್ಷಣ ಹೇಳುತ್ತೇವೆ. ಆ ಚಿತ್ರ ತಾನು ಅಲಂಕಾರ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಅದನ್ನು ಮಾಡಲು ಗಂಟೆಗಟ್ಟಲೆ ಶ್ರಮ ಬೇಕು. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ, ಕೆಳಗೊಂದು ಮೊಹರು ಇರುವ ಚಿತ್ರ ಬಂದರೆ ಮಾತ್ರ ನಾವು ಪ್ರಶ್ನೆ ಕೇಳುವುದಿಲ್ಲ. ಆದರೆ ಅದನ್ನು ತಿದ್ದಲು ಅದೇ ಪದರಗಳು ಸಾಕು, ಸಮಯವೂ ಹೆಚ್ಚು ಬೇಡ. ಹಳೆಯ ದಿನಾಂಕದ ಮೇಲೆ ಒಂದು ಬಿಳಿ ಪದರ, ಅದರ ಮೇಲೆ ಹೊಸ ದಿನಾಂಕ. ಹೊಳಪು, ನೆರಳು, ಬಾಗು ಯಾವುದೂ ಬೇಡ.

ಮಳೆಗಾಲದಲ್ಲಿ ಕರಾವಳಿ–ಮಲೆನಾಡಿನವರಿಗೆ ಇದರ ಅನುಭವ ಇದೆ. ‘ನಾಳೆ ಶಾಲೆಗೆ ರಜೆ’ ಎಂಬ ಆದೇಶದ ಚಿತ್ರಗಳಲ್ಲಿ ಹಳೆಯವು, ತಿದ್ದಿದವು ಕೂಡ ಹರಿದಾಡಿದ್ದುಂಟು. ಮಕ್ಕಳು ಸುಳ್ಳು ರಜೆ ನಂಬಿ ಮನೆಯಲ್ಲಿ ಉಳಿದರೆ ಒಂದು ದಿನದ ಪಾಠ ಹೋಗುತ್ತದೆ. ಒಂದೆರಡು ಸಲ ಹೀಗೆ ಮೋಸಹೋದವರು ನಿಜವಾದ ಆದೇಶ ಬಂದಾಗಲೂ ನಂಬದೆ, ತುಂಬಿದ ಹಳ್ಳ ದಾಟಿಸಿ ಮಕ್ಕಳನ್ನು ಕಳಿಸಿದರೆ ಅಪಾಯ ದೊಡ್ಡದು.

ಇಂಥ ಚಿತ್ರ ಬಂದಾಗ ದಿನಾಂಕವನ್ನು ದೊಡ್ಡದು ಮಾಡಿ ನೋಡಿ. ಅದರ ಅಂಕಿಗಳ ದಪ್ಪ ಉಳಿದ ಬರಹದಂತೆಯೇ ಇದೆಯೇ? ಸಾಲು ಮೇಲೆ ಕೆಳಗೆ ಆಗಿದೆಯೇ? ಸುತ್ತಲಿನ ಕಾಗದ ಮಾಸಲಾಗಿದ್ದು ದಿನಾಂಕದ ಹಿಂದೆ ಮಾತ್ರ ಹಾಲಿನಂಥ ಬಿಳಿ ಇದೆಯೇ? ಇವೆಲ್ಲ ಸುಳಿವು ಮಾತ್ರ, ಸಾಕ್ಷಿಯಲ್ಲ. ಚೆನ್ನಾಗಿ ತಿದ್ದಿದ್ದರಲ್ಲಿ ಯಾವ ಸುಳಿವೂ ಇರುವುದಿಲ್ಲ. ಕೊನೆಯ ಮಾತು ಜಿಲ್ಲಾಡಳಿತದ ಅಧಿಕೃತ ಪುಟದ್ದು, ಇಲ್ಲವೇ ಶಾಲೆಯ ಶಿಕ್ಷಕರದ್ದು. ಒಂದು ಫೋನ್ ಕರೆಗೆ ಅಬ್ಬಬ್ಬಾ ಎಂದರೆ ಎರಡು ನಿಮಿಷ.

ವಾಟ್ಸಾಪ್ ಕೂಡ ಒಂದು ಸುಳಿವು ಕೊಡುತ್ತದೆ. ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ದಾಟಿಸಬಹುದು. ಈ ತಡೆ ಬಂದದ್ದೇ ಗಾಳಿಸುದ್ದಿಯ ಓಟ ತಗ್ಗಿಸಲು.

ಮಾಡುವವರಿಗೆ, ಕಳಿಸುವವರಿಗೆ

ಬನವಾಸಿಯ ಕದಂಬರ ಕಾಲದಲ್ಲಿ ಅಕ್ಷರ ಕೆತ್ತುವವರು ಕಲ್ಲಿಗೆ ಉಳಿ ಇಡುತ್ತಿದ್ದರು. ಒಮ್ಮೆ ಕೆತ್ತಿದ್ದನ್ನು ಅಳಿಸುವುದು ಸುಲಭವಿರಲಿಲ್ಲ, ಅಳಿಸಿದರೂ ಗುರುತು ಉಳಿಯುತ್ತಿತ್ತು. ಅದಕ್ಕೇ ತಾಳಗುಂದ, ಹಲ್ಮಿಡಿಗಳ ಶಾಸನಗಳನ್ನು ನಾವು ಇಂದಿಗೂ ಓದಬಹುದು, ಆಧಾರವಾಗಿ ಇಟ್ಟುಕೊಳ್ಳಬಹುದು. ಈಗಿನ ಅಕ್ಷರ ಪದರದ ಮೇಲೆ ತೇಲುತ್ತದೆ, ಯಾರು ಬೇಕಾದರೂ ಸರಿಸಬಹುದು.

ಹಾಗೆಂದು ಚಂದದ ಚಿತ್ರ ಮಾಡುವುದನ್ನು ಬಿಡಬೇಕಿಲ್ಲ. ಮಾಡಿ, ಕಲಿಯಿರಿ, ಮಕ್ಕಳಿಗೂ ಕಲಿಸಿ. ಹನಿ ಬಿಡಿಸಲು ಕಲಿತವರಿಗೆ ಬೆಳಕು ಎಲ್ಲಿಂದ ಬಂತು, ನೆರಳು ಎಲ್ಲಿ ಬಿತ್ತು ಎಂದು ನೋಡುವ ಕಣ್ಣು ಬರುತ್ತದೆ, ಮೋಸದ ಚಿತ್ರ ಹಿಡಿಯಲೂ ಅದೇ ಕಣ್ಣು ಬೇಕು. ಕಳಿಸುವಾಗ ಚಿತ್ರದೊಳಗಿನ ಮಾತನ್ನು ಕೆಳಗೆ ಒಂದು ಸಾಲು ಟೈಪ್ ಮಾಡಿ ಸೇರಿಸಿ. ಕಣ್ಣು ಕಾಣದವರ ಫೋನ್ ಟೈಪ್ ಮಾಡಿದ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಚಿತ್ರದೊಳಗಿನ ಜೇನಿನ ಅಕ್ಷರ ಅದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಮುಂದೊಂದು ದಿನ ಹುಡುಕಿದರೆ ಸಿಗುವುದೂ ಟೈಪ್ ಮಾಡಿದ ಸಾಲೇ.

ಇನ್ನು ದಿನಾಂಕ, ಫೋನ್ ನಂಬರ್, ಔಷಧದ ಹೆಸರು, ಸರ್ಕಾರದ ಆದೇಶ ಇರುವ ಚಿತ್ರ ಬಂದರೆ, ಅದು ಎಷ್ಟೇ ಸಾದಾ ಆಗಿರಲಿ, ಮುಂದೆ ದಾಟಿಸುವ ಮೊದಲು ಮೂಲ ಎಲ್ಲಿದೆ ಎಂದು ಕಳಿಸಿದವರನ್ನೇ ಕೇಳಿ. ಉತ್ತರ ಬರುವವರೆಗೆ ಅದು ನಿಮ್ಮ ಫೋನಿನಲ್ಲೇ ಇರಲಿ.